ಸಣ್ಣ ಕಾರಿಗೆ ಯಾವ ಸೈಕಲ್ ರ‍್ಯಾಕ್ ತಗೋಬೇಕು?

ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಬುಡದಲ್ಲಿ ಕಾರಿನಿಂದ ಸೈಕಲ್ ಇಳಿಸುವಾಗ ಯಾರಾದರೂ ಹತ್ತಿರ ಬಂದು ಕೇಳುತ್ತಾರೆ: "ಸರ್, ನಮ್ಮದೂ ಸಣ್ಣ ಕಾರೇ. ಯಾವ ರ‍್ಯಾಕ್ ತಗೋಬೇಕು?" ಆಫೀಸಿನಲ್ಲೂ ಇದೇ ಪ್ರಶ್ನೆ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ಇದೇ ಪ್ರಶ್ನೆ. ನಿಂತಲ್ಲೇ ಒಂದು ಹೆಸರು ಹೇಳಿ ಕಳಿಸೋಕೆ ನನಗೆ ಮನಸ್ಸು ಬರುವುದಿಲ್ಲ. ಯಾಕೆ ಅಂತ ಬರೆಯುತ್ತೇನೆ.

ಮೊದಲ ಮಾತು. ಸೈಕಲ್ ಒಂದೇ ಆದರೆ ರ‍್ಯಾಕೇ ಬೇಡ. ಹಿಂದಿನ ಸೀಟು ಮಡಚಿ, ಮುಂದಿನ ಚಕ್ರ ಬಿಚ್ಚಿ, ಡಿಕ್ಕಿಯಿಂದ ಒಳಗೆ ಮಲಗಿಸಿ ನೋಡಿ. ಸ್ಪ್ಯಾನರ್ ಇಲ್ಲದೆ ಕೈಯಿಂದಲೇ ಬಿಚ್ಚುವ ಕ್ವಿಕ್ ರಿಲೀಸ್ ಚಕ್ರವಾದರೆ ಒಂದು ನಿಮಿಷವೂ ಬೇಡ. ಸೀಟಿನ ಕಂಬವನ್ನೂ ಪೂರ್ತಿ ಇಳಿಸಿ. ಚೈನು, ಗೇರ್ ಇರುವ ಬಲಬದಿ ಮೇಲಕ್ಕೆ ಬರಲಿ, ಇಲ್ಲದಿದ್ದರೆ ಸೈಕಲ್ಲಿನ ಭಾರಕ್ಕೆ ಗೇರ್ ಬದಲಿಸಲು ಚೈನನ್ನು ಸರಿಸುವ ಡಿರೇಲರ್ ಬಗ್ಗುತ್ತದೆ. ಕೆಳಗೆ ಒಂದು ಹಳೆ ಬೆಡ್‌ಶೀಟ್ ಹಾಸಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡುಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಿ. ಚಕ್ರ ಇಲ್ಲದಾಗ ಯಾರಾದರೂ ಅಕಸ್ಮಾತ್ ಬ್ರೇಕ್ ಹಿಡಿದರೆ ಪ್ಯಾಡುಗಳು ಹತ್ತಿರ ಬಂದು ಅಂಟಿಕೊಳ್ಳುತ್ತವೆ, ಆಮೇಲೆ ಡಿಸ್ಕ್ ಒಳಗೆ ಹೋಗುವುದೇ ಇಲ್ಲ. ಸೀಟು 60:40 ಆಗಿ, ಅಂದರೆ ಎರಡು ಭಾಗವಾಗಿ ಮಡಚುವ ಕಾರಾದರೆ ಹಿಂದೆ ಇನ್ನೊಬ್ಬರು ಕೂರಬಹುದು. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವ ಕಾರಿನಲ್ಲಿ ಮಾತ್ರ ಇದು ಕಷ್ಟ.

ಎರಡು ಸೈಕಲ್ ಇದ್ದಾಗ ರ‍್ಯಾಕ್ ಬೇಕೇ ಬೇಕು. ಆಗಲೂ ಅಂಗಡಿಗೆ ಹೋಗುವ ಮುಂಚೆ ಟೇಪ್ ಹಿಡಿದು ಎರಡು ಅಳತೆ ತಗೊಳ್ಳಿ: ಕಾರಿನ ಅಗಲ, ಸೈಕಲ್ಲಿನ ಉದ್ದ. ಸಣ್ಣ ಕಾರಿನ ಮಟ್ಟಿಗೆ ನಾನು ಇದಕ್ಕಿಂತ ಮುಖ್ಯವಾದ ವಿಷಯ ಬೇರೆ ಕಂಡಿಲ್ಲ. ಈ ಅಳತೆ ತಗೊಳ್ಳುವವರನ್ನೂ ಕಂಡಿಲ್ಲ.

ಆಲ್ಟೊ ಕೆ10 ಅಗಲ 149 ಸೆಂಟಿಮೀಟರ್. ವ್ಯಾಗನ್ ಆರ್ 162. ಸ್ವಿಫ್ಟ್ 173.5. ದೊಡ್ಡವರ ಎಂಟಿಬಿ (ಮೌಂಟನ್ ಬೈಕ್) ಸೈಕಲ್ ಸುಮಾರು 175 ಸೆಂಟಿಮೀಟರ್ ಉದ್ದ ಇರುತ್ತದೆ. ಹಿಂದೆ ಅಡ್ಡಲಾಗಿ ನೇತು ಹಾಕಿದರೆ ಆಲ್ಟೊದ ಎರಡೂ ಬದಿಗೆ 13 ಸೆಂಟಿಮೀಟರ್‌ನಂತೆ ಚಾಚಿಕೊಳ್ಳುತ್ತದೆ. ಅದೂ ಸರಿಯಾಗಿ ಮಧ್ಯಕ್ಕೆ ಕೂತರೆ. ಹ್ಯಾಂಡಲ್, ಪೆಡಲ್ ಒಂದಕ್ಕೊಂದು ಸಿಕ್ಕಿಕೊಂಡು ಒಂದು ಸೈಕಲ್ ಪಕ್ಕಕ್ಕೆ ಸರಿದರೆ ಒಂದು ಗೇಣೇ ಹೊರಗೆ.

ಒಂದು ಗೇಣು ಏನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ಮೊದಲ ಸಲ ಭಾವಮೈದನ ಜೊತೆ ಹೊರಟಾಗ ಆಲ್ಟೊ ಹಿಂದೆ ಎರಡು ಸೈಕಲ್ ಕಟ್ಟಿದ್ದೆವು. ಹೆಬ್ಬಾಳ ಫ್ಲೈಓವರ್ ಮೇಲೆ ಎಡಗಡೆಯಿಂದ ನುಗ್ಗಿದ ಸ್ಕೂಟರಿನ ಕನ್ನಡಿ ನಮ್ಮ ಸೈಕಲ್ಲಿನ ಚಕ್ರಕ್ಕೆ ತಾಗಿತು. ಸ್ಕೂಟರ್ ಓಲಾಡಿತು, ಪುಣ್ಯಕ್ಕೆ ಬೀಳಲಿಲ್ಲ. ಹಿಂದೆ ಕೂತಿದ್ದ ಹೆಂಗಸಿನ ಮಡಿಲಲ್ಲಿ ಮಗು ಇತ್ತು. ಆ ದಿನ ಬೆಟ್ಟ ಹತ್ತುವಾಗಲೂ ಅದೇ ಕಣ್ಣ ಮುಂದೆ. ನಮ್ಮ ಊರಿನಲ್ಲಿ ದ್ವಿಚಕ್ರದವರು ಕಾರಿನ ಎರಡೂ ಕಡೆ ಒತ್ತಿಕೊಂಡೇ ಹೋಗುತ್ತಾರೆ. ಕಾರಿನ ಮೈ ಎಲ್ಲಿ ಮುಗಿಯುತ್ತದೆ ಅಂತ ನೋಡಿ ಜಾಗ ಲೆಕ್ಕ ಹಾಕುತ್ತಾರೆ. ಮುಂಜಾನೆಯ ಕತ್ತಲಲ್ಲಿ ಕಪ್ಪು ಟಯರ್ ಅವರಿಗೆ ಕಾಣುವುದೇ ಇಲ್ಲ.

ಪರಿಹಾರ ಸುಲಭ, ದುಡ್ಡೂ ಖರ್ಚಿಲ್ಲ. ಮುಂದಿನ ಚಕ್ರ ಬಿಚ್ಚಿ ಕಾರಿನೊಳಗೆ ಇಡಿ. ಸೈಕಲ್ಲಿನ ಉದ್ದ ಅರ್ಧ ಚಕ್ರದಷ್ಟು, ಅಂದರೆ ಸುಮಾರು 34 ಸೆಂಟಿಮೀಟರ್ ಕಡಿಮೆಯಾಗುತ್ತದೆ. ಉಳಿದದ್ದು 141. ಆಲ್ಟೊ ಅಗಲದೊಳಗೇ ಕೂತಿತು, ಅಲ್ವಾ? ಅಂದಿನಿಂದ ಚಕ್ರ ಬಿಚ್ಚದೆ ನಾನು ಹೊರಟಿಲ್ಲ. ಟೈಲ್ ಲೈಟ್ ಮರೆಯಾದರೆ ಸೈಕಲ್ಲಿನ ಕೆಂಪು ದೀಪವನ್ನೇ ಹಿಂಬದಿಗೆ ಕಟ್ಟಿ ಹೊತ್ತಿಸಿಡುತ್ತೇನೆ. ಆದರೆ ಅದು ಬ್ರೇಕ್ ಲೈಟ್, ಇಂಡಿಕೇಟರ್ ಕೆಲಸ ಮಾಡುವುದಿಲ್ಲ. ಆದಷ್ಟೂ ದೀಪಗಳು ಕಾಣುವ ಹಾಗೆ ಸೈಕಲ್ ಕೂರಬೇಕು.

ಇನ್ನು ಯಾವ ರ‍್ಯಾಕ್ ಅನ್ನುವ ಮಾತು. ಡಿಕ್ಕಿ ಬಾಗಿಲಿಗೆ ಬೆಲ್ಟು, ಕೊಕ್ಕೆ ಹಾಕಿ ಬಿಗಿಯುವ ರ‍್ಯಾಕೇ ಸಣ್ಣ ಕಾರಿಗೆ ನನ್ನ ಆಯ್ಕೆ. ಬೇಡವಾದಾಗ ಬಿಚ್ಚಿ ಮಂಚದ ಕೆಳಗೆ ಇಡಬಹುದು. ಆದರೆ ದುಡ್ಡು ಕೊಡುವ ಮುಂಚೆ ನಿಮ್ಮ ಕಾರಿಗೇ ಕೂರಿಸಿ ತೋರಿಸಲು ಹೇಳಿ. ಕೊಕ್ಕೆ ಕಬ್ಬಿಣದ ಅಂಚಿಗೇ ಕೂರಬೇಕು. ಹಿಂದಿನ ಗಾಜಿನ ಮೇಲೆ ಚಾಚಿದ ಸ್ಪಾಯ್ಲರ್ ಪ್ಲಾಸ್ಟಿಕ್ಕಿನದು, ಅದಕ್ಕೆ ಭಾರ ಬಿದ್ದರೆ ಬಿರುಕು ಬಿಡುತ್ತದೆ. ಗಾಜಿನ ಮೇಲೂ ಭಾರ ಬೀಳಬಾರದು. ಬಣ್ಣ ಗೀಚದಂತೆ ಕೊಕ್ಕೆಯ ಕೆಳಗೆ ಹಳೆ ಸೈಕಲ್ ಟ್ಯೂಬಿನ ತುಂಡು ಇಡಿ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ.

ನಂಬರ್ ಪ್ಲೇಟ್ ಎಲ್ಲಿದೆ ಅಂತಲೂ ನೋಡಿ. ಬಂಪರ್ ಮೇಲಿದ್ದರೆ ಸಾಮಾನ್ಯವಾಗಿ ಬಚಾವು. ಡಿಕ್ಕಿ ಬಾಗಿಲಿನ ಮೇಲಿದ್ದರೆ ಸೈಕಲ್ ಅದನ್ನು ಮುಚ್ಚುತ್ತದೆ. ಪ್ಲೇಟ್ ಕಾಣದಂತೆ ಓಡಿಸುವುದು ನಿಯಮಕ್ಕೆ ವಿರುದ್ಧ, ಪೊಲೀಸರು ಹಿಡಿದರೆ ವಾದಿಸಲು ಏನೂ ಇರುವುದಿಲ್ಲ. ಸೈಕಲ್ ನೇತು ಹಾಕುವ ತೋಳು ಎತ್ತರಕ್ಕೆ ನಿಲ್ಲುವ ರ‍್ಯಾಕ್ ಆರಿಸಿದರೆ ಇದು ಎಷ್ಟೋ ಸುಧಾರಿಸುತ್ತದೆ. ಸೈಲೆನ್ಸರ್ ಕೊಳವೆಯ ಬಿಸಿ ಹೊಗೆ ನೇರ ಟಯರಿಗೆ ಬಡಿಯದಂತೆಯೂ ಎತ್ತರ ಬೇಕು, ಬಿಸಿಗೆ ರಬ್ಬರ್ ಹಾಳಾಗುತ್ತದೆ.

ರ‍್ಯಾಕಿನ ಮೇಲೆ ಎಷ್ಟು ಕೆಜಿ ಹೊರಬಲ್ಲದು ಅಂತ ಬರೆದಿರುತ್ತದೆ. ಸೈಕಲ್ಲನ್ನು ಮನೆಯ ತಕ್ಕಡಿಯಲ್ಲಿ ತೂಗಿ. ಕಬ್ಬಿಣದ ಫ್ರೇಮಿನ ಗೇರ್ ಸೈಕಲ್ 15 ಕೆಜಿ ದಾಟುವುದುಂಟು. ಬ್ಯಾಟರಿ ಸೈಕಲ್ಲನ್ನಂತೂ ಬೆಲ್ಟಿನ ರ‍್ಯಾಕಿಗೆ ಹಾಕಬೇಡಿ.

ಮೇಲ್ಛಾವಣಿಯ ಕ್ಯಾರಿಯರ್ ಬಗ್ಗೆಯೂ ಕೇಳುತ್ತಾರೆ. ಪ್ಲೇಟ್, ದೀಪ ಯಾವುದೂ ಮುಚ್ಚುವುದಿಲ್ಲ, ನಿಜ. ಆದರೆ ಸೈಕಲ್ಲನ್ನು ತಲೆ ಮೇಲೆ ಎತ್ತಬೇಕು. ಎಷ್ಟೋ ಸಣ್ಣ ಕಾರುಗಳ ಮೇಲಿನ ಉದ್ದ ಸರಳುಗಳು (ರೂಫ್ ರೈಲ್) ಬರೀ ಅಲಂಕಾರಕ್ಕೆ, ಭಾರ ಹೊರುವುದಿಲ್ಲ. ಕಾರಿನ ಮ್ಯಾನ್ಯುಯಲ್ ನೋಡಿಯೇ ಮುಂದುವರಿಯಿರಿ. ಕಾರು, ಸೈಕಲ್ ಸೇರಿ ಎತ್ತರ ಎರಡೂವರೆ ಮೀಟರ್ ದಾಟುತ್ತದೆ. ದಣಿದು ಮನೆಗೆ ಬಂದು, ಮೇಲೆ ಸೈಕಲ್ ಇದೆ ಅನ್ನುವುದನ್ನೇ ಮರೆತು ಬೇಸ್‌ಮೆಂಟಿಗೆ ಇಳಿದರೆ ಸೈಕಲ್ಲೂ ಹೋಯಿತು, ಕಾರಿನ ಮೇಲ್ಛಾವಣಿಯೂ ಹೋಯಿತು. ಟ್ರೇಲರ್ ಎಳೆಯಲು ಕಾರಿನ ಹಿಂದೆ ಇರುವ ಟೋ ಹುಕ್ಕಿಗೆ ಕೂರುವ ರ‍್ಯಾಕ್ ಗಟ್ಟಿ, ಆದರೆ ನಮ್ಮ ಸಣ್ಣ ಕಾರುಗಳಿಗೆ ಆ ಹುಕ್ಕೇ ಬರುವುದಿಲ್ಲ.

ಮಕ್ಕಳ ಸೈಕಲ್, ಲೇಡೀಸ್ ಸೈಕಲ್ ಇದ್ದರೆ ಇನ್ನೊಂದು ತೊಂದರೆ. ಅವಕ್ಕೆ ಮೇಲಿನ ನೇರ ಪೈಪು ಇರುವುದಿಲ್ಲ, ರ‍್ಯಾಕಿನ ತೋಳಿನ ಮೇಲೆ ಕೂರುವುದಿಲ್ಲ. ಸೀಟಿನ ಕಂಬದಿಂದ ಹ್ಯಾಂಡಲ್ ಕಂಬಕ್ಕೆ ಹಾಕುವ ಒಂದು ಸರಳು ಸಿಗುತ್ತದೆ, ರ‍್ಯಾಕಿನ ಜೊತೆಗೇ ತಗೊಳ್ಳಿ.

ಬಿಗಿದ ಬೆಲ್ಟು ನಾಲ್ಕು ಹಂಪ್ ದಾಟುವಷ್ಟರಲ್ಲಿ ಸಡಿಲವಾಗುತ್ತದೆ. ನಾನು ಮನೆಯಿಂದ ಐದು ಕಿಲೋಮೀಟರ್ ಆದಮೇಲೆ ಒಮ್ಮೆ, ಸಾದಹಳ್ಳಿ ಟೋಲ್ ಆದಮೇಲೆ ಇನ್ನೊಮ್ಮೆ ಬದಿಗೆ ನಿಲ್ಲಿಸಿ ಎಳೆದು ಬಿಗಿಯುತ್ತೇನೆ. ಬೆಲ್ಟಿನ ಉಳಿದ ತುದಿಗಳನ್ನು ಗಂಟು ಹಾಕಿಡುತ್ತೇನೆ, ಗಾಳಿಗೆ ಹಾರಿ ಚಕ್ರಕ್ಕೆ ಸುತ್ತಿಕೊಳ್ಳಬಾರದು. ತಿಂಡಿಗೆ ನಿಂತಾಗ ಸೈಕಲ್ಲುಗಳಿಗೆ ಬೀಗ ಹಾಕಿ, ಕಾರು ಕಾಣುವ ಟೇಬಲ್ಲಿನಲ್ಲೇ ಕೂರುತ್ತೇನೆ.