ಏಳನೇ ಸಂಚಿಕೆಯ ನಿರಾಸೆ

ಮಾರ್ವೆಲ್‌ನ ‘ಸಿವಿಲ್ ವಾರ್’ ಮತ್ತೆ ಓದಿ ಮುಗಿಸಿದೆ. ಸಿನಿಮಾ ಅಲ್ಲ, 2006-07ರಲ್ಲಿ ಬಂದ ಏಳು ಸಂಚಿಕೆಗಳ ಕಾಮಿಕ್ಸ್. ಕೊನೆ ಈಗಲೂ ಒಪ್ಪಿಗೆಯಾಗಲಿಲ್ಲ.

ಶುರು ಎಷ್ಟು ಗಟ್ಟಿಯಾಗಿದೆ! ಅಮೆರಿಕದ ಸ್ಟ್ಯಾಮ್‌ಫರ್ಡ್ ಪಟ್ಟಣದಲ್ಲಿ ಶಾಲೆಯ ಹತ್ತಿರ ಸ್ಫೋಟ, ಮಕ್ಕಳ ಸಾವು. ಸೂಪರ್‌ಹೀರೋಗಳೆಲ್ಲ ಸರ್ಕಾರದ ಹತ್ತಿರ ಹೆಸರು ನೋಂದಾಯಿಸಲೇಬೇಕು ಅಂತ ಕಾಯ್ದೆ. ಕಾಯ್ದೆ ಬೇಕು ಅನ್ನುವ ಐರನ್ ಮ್ಯಾನ್ ಹೇಳುವುದೂ ಸರಿ, ಬೇಡ ಅನ್ನುವ ಕ್ಯಾಪ್ಟನ್ ಅಮೆರಿಕ ಹೇಳುವುದೂ ಸರಿ ಅನ್ನಿಸುತ್ತದೆ.

ಆಮೇಲೆ ಏಳನೇ ಸಂಚಿಕೆ. ಕ್ಯಾಪ್ಟನ್ ಗುರಾಣಿ ಎತ್ತಿ ಐರನ್ ಮ್ಯಾನ್‌ಗೆ ಕೊನೇ ಏಟು ಹಾಕಬೇಕು, ಅಷ್ಟರಲ್ಲಿ ಅಗ್ನಿಶಾಮಕ ದಳದವರು, ಪೊಲೀಸರು ಅವನ ಮೇಲೆ ಬಿದ್ದು ಹಿಡಿದುಕೊಳ್ಳುತ್ತಾರೆ. ಸುತ್ತ ನೋಡಿದರೆ ನ್ಯೂಯಾರ್ಕ್ ಪುಡಿಪುಡಿ. ಮುಖವಾಡ ತೆಗೆದು ಶರಣಾಗುತ್ತಾನೆ. ಅಷ್ಟೇ, ಮುಗೀತು! (ಸ್ಟೀವ್ ಮೆಕ್‌ನಿವೆನ್ ಚಿತ್ರಗಳು ಮಾತ್ರ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ.)

ಜಗಳ ನಿಂತಿತು, ಸರಿ. ಆದರೆ ಎತ್ತಿದ ಪ್ರಶ್ನೆ? ಅದನ್ನು ಸುಮ್ನೆ ಪಕ್ಕಕ್ಕೆ ಸರಿಸಿಬಿಟ್ಟರು. ಇಂಥ ದೊಡ್ಡ ಸರಣಿಗಳ ಕಷ್ಟವೇ ಇದು ಅಲ್ವಾ? ಪಾತ್ರಗಳೆಲ್ಲ ಮುಂದಿನ ತಿಂಗಳು ತಮ್ಮ ತಮ್ಮ ಪುಸ್ತಕಕ್ಕೆ ವಾಪಸ್ ಹೋಗಬೇಕು. ನಿಜವಾದ ಪೆಟ್ಟು ಬಿದ್ದದ್ದು ‘ಕ್ಯಾಪ್ಟನ್ ಅಮೆರಿಕ’ 25ನೇ ಸಂಚಿಕೆಯಲ್ಲಿ, ಕೋರ್ಟಿನ ಮೆಟ್ಟಿಲ ಮೇಲೆ ಕ್ಯಾಪ್ಟನ್‌ಗೆ ಗುಂಡು ತಗುಲಿದಾಗ. ಅದನ್ನು ಬೇರೆಯಾಗಿ ಕೊಂಡು ಓದಬೇಕು!