ಕಂಬಳಿಯ ವಾಸನೆ

ನಮ್ಮಜ್ಜಿ ಗದಗಿನ ಕಡೆಯವಳು. ಗೊಬ್ಬರ ಬೀಳಲಿ ಅಂತ ಅಲ್ಲಿ ಸುಗ್ಗಿ ಮುಗಿದ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು. ಒಂದು ರಾತ್ರಿ ಕುರುಬರಿಗೆ ರೊಟ್ಟಿ ಕೊಡಲು ಹೋದಾಗ ಒಬ್ಬಾತ ಕಂಬಳಿಯ ಮಡಿಕೆಯಿಂದ ಆಗ ತಾನೇ ಹುಟ್ಟಿದ ಮರಿ ತೆಗೆದು ನನ್ನ ಕೈಗೆ ಕೊಟ್ಟ. ಹಾಲು, ಹಿಕ್ಕೆ, ಹೊಗೆ, ಒದ್ದೆ ಉಣ್ಣೆ ಎಲ್ಲ ಸೇರಿದ ವಾಸನೆ. ನಾನು ಮೂಗು ಮುಚ್ಚಿಕೊಂಡೆ.

"ಮೂಗ್ ಬಿಡ. ಯೇಸುಸ್ವಾಮಿ ಮೈಗೂ ಇದ ವಾಸನಿ ಇತ್ತು" ಅಂದಳು ಅಜ್ಜಿ. ಸ್ವಾಮಿ ಬೆಳೆದದ್ದು ಬಡಗಿಯ ಮನೆಯಲ್ಲಿ, ಆದರೆ ಅಜ್ಜಿಗೆ ಅದನ್ನು ಹೇಳುವವರು ಯಾರು! ನಮ್ಮನೆ ಕ್ಯಾಲೆಂಡರಿನಲ್ಲಂತೂ ಅವರದು ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ಹೆಗಲ ಮೇಲೆ ಶಾಂಪೂ ಹಾಕಿ ತೊಳೆದಂಥ ಕುರಿಮರಿ.

ಈಗ ನಾನಿರುವುದು ಮುಂಬೈಯ ಮಾಹಿಮ್‌ನಲ್ಲಿ. ಇಲ್ಲಿ ಸಂತ ಮೈಕಲರ ಚರ್ಚಿನಲ್ಲಿ 1948ರಿಂದ ಬುಧವಾರದ ನೊವೇನಾ, ಅಂದರೆ ಮಾತೆ ಮರಿಯಮ್ಮನಲ್ಲಿ ಬೇಡುವ ಪ್ರಾರ್ಥನೆ, ನಡೆಯುತ್ತಿದೆ, ಕಾಲಿಡಲು ಜಾಗ ಇರುವುದಿಲ್ಲ. ನಾನೂ ಮೇಣದಬತ್ತಿ ಹಿಡಿದು ನಿಲ್ಲುತ್ತೇನೆ, ಬೇಡುವುದು ಬೇಕಾದಷ್ಟಿದೆ. ಆದರೆ ನಮ್ಮ ಚಾಳಿನಲ್ಲಿ ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಅನ್ನುವ ಹೆಂಗಸು ಸೊಂಟ ಮುರಿದುಕೊಂಡು ಮಲಗಿದಾಗ, ಅವರ ಮೈ ಒರೆಸಲು ದಿನಾ ಯಾರು ಬರುತ್ತೀರಿ ಅಂದರೆ ಎಲ್ಲರಿಗೂ ಕೆಲಸ. ಒಪ್ಪಿಕೊಂಡ ನಾನೂ ಏನು ಮಹಾ? ಉಸಿರು ಬಿಗಿಹಿಡಿದು ಐದೇ ನಿಮಿಷದಲ್ಲಿ ಮುಗಿಸಿ ಲೋಕಲ್ ಹಿಡಿಯಲು ಓಡುತ್ತಿದ್ದೆ.

2024ರಲ್ಲಿ ಒಳ್ಳೆಯ ಕುರುಬನ ಭಾನುವಾರ, ಯೇಸುವನ್ನು ಕುರುಬನೆಂದು ನೆನೆಯುವ ದಿನ, ಏಪ್ರಿಲ್ 21ಕ್ಕೆ ಬಂತು. ಆ ದಿನ ಬೈಬಲಿನ ಯೊವಾನ್ನನ ಸುವಾರ್ತೆಯ 10ನೇ ಅಧ್ಯಾಯ ಓದುತ್ತಾರೆ, ಪ್ರತಿ ವರ್ಷ ಒಂದೊಂದು ಭಾಗ. ಆ ವರ್ಷ ಬಂದದ್ದು ಕೂಲಿಯಾಳಿನ ಮಾತು. ಕುರಿ ಅವನದಲ್ಲ, ತೋಳ ಬಂದರೆ ಬಿಟ್ಟು ಓಡುತ್ತಾನೆ. ಎಷ್ಟು ಸಲ ಕೇಳಿದ್ದೆನೋ, ಅವತ್ತು ಮಾತ್ರ ಕಿವಿ ಬಿಸಿಯಾಯಿತು. ನನ್ನ ವಿಷಯದಲ್ಲಿ ತೋಳವೂ ಬಂದಿರಲಿಲ್ಲ, ಬರುತ್ತಿದ್ದದ್ದು ಬರೀ ಲೋಕಲ್ ಟ್ರೇನು. ಪೋಪ್ ಫ್ರಾನ್ಸಿಸ್ 2013ರಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಪಾದ್ರಿಗಳಿಗೆ ಹೇಳಿದ್ದೂ ನೆನಪಾಯಿತು, ಕುರಿಗಳ ವಾಸನೆ ಹೊತ್ತ ಕುರುಬರಾಗಿ ಅಂತ. ಅಜ್ಜಿ ಅದಕ್ಕೂ ಎಷ್ಟೋ ಮೊದಲೇ ಹೇಳಿದ್ದಳು ಅಲ್ವಾ? ಪಾದ್ರಿಗಳಿಗಲ್ಲ, ನನಗೆ. ಈಗ ಕುರುಬ ಅಂದರೆ ಪಾದ್ರಿ, ನಾವೆಲ್ಲ ಸುಮ್ನೆ ಮೇಯುವ ಕುರಿಗಳು ಅಂದುಕೊಂಡುಬಿಟ್ಟಿದ್ದೇವೆ.

ಪೂಜೆ ಮುಗಿಸಿ ಸೀದಾ ಕಾಕು ಹತ್ತಿರ ಹೋದೆ. ನೀರು ಬಿಸಿ ಮಾಡಿದೆ. ಬೆನ್ನು ಒರೆಸಿ, ಮಡಿಕೆಗಳಲ್ಲಿ ಪೌಡರ್ ಹಾಕಿ, ಕೂದಲ ಸಿಕ್ಕು ಬಿಡಿಸಲು ಕೂತೆ. ಅದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಕಾಕು ಕಣ್ಣು ಮುಚ್ಚಿಕೊಂಡೇ ಕೇಳಿದರು, "ಇವತ್ತು ಟ್ರೇನ್ ಇಲ್ವೇನೇ?"