ಚಕ್ಕೋತ ಸೂರ್ಯ, ರಾಗಿಕಾಳಿನ ಭೂಮಿ

ಪಠ್ಯಪುಸ್ತಕದಲ್ಲಿ ಸೌರಮಂಡಲದ ಚಿತ್ರ ನೋಡಿದರೆ ಎಂಟು ಗ್ರಹಗಳೂ ಬಸ್ಸಿಗೆ ಕಾದವರಂತೆ ಒತ್ತೊತ್ತಾಗಿ ನಿಂತಿರುತ್ತವೆ. ಎಲ್ಲವನ್ನೂ ಒಂದೇ ಪುಟಕ್ಕೆ ಹಿಡಿಸಲು ಗಾತ್ರಕ್ಕೊಂದು, ದೂರಕ್ಕೊಂದು ಅಳತೆ ಹಾಕಿರುತ್ತಾರೆ. ಸೌರಮಂಡಲ ಬಹುಪಾಲು ಬರೀ ಖಾಲಿ ಜಾಗ ಎಂಬ ದೊಡ್ಡ ಸಂಗತಿಯೇ ಅಲ್ಲಿ ಮರೆಯಾಗುತ್ತದೆ. ಮಕ್ಕಳಿಗೆ ಅದನ್ನು ಕಣ್ಣಾರೆ ತೋರಿಸಲು ಒಂದು ಚಕ್ಕೋತ, ಅಡುಗೆಮನೆಯ ನಾಲ್ಕು ಕಾಳು, ಅರ್ಧ ಕಿಲೋಮೀಟರ್ ನೇರ ರಸ್ತೆ ಸಾಕು.

ಅಳತೆ ಸರಳ: 1 ಲಕ್ಷ ಕಿ.ಮೀ.ಗೆ 1 ಸೆಂ.ಮೀ. ಗಾತ್ರಕ್ಕೂ ಇದೇ, ದೂರಕ್ಕೂ ಇದೇ.

ಸೂರ್ಯನ ವ್ಯಾಸ ಸುಮಾರು 13.9 ಲಕ್ಷ ಕಿ.ಮೀ. ಚಕ್ಕೋತದ ಸೊಂಟಕ್ಕೆ ದಾರ ಸುತ್ತಿ ಅಳೆಯಿರಿ, 44 ಸೆಂ.ಮೀ. ಬಂದರೆ ವ್ಯಾಸ 14 ಸೆಂ.ಮೀ., ನಮ್ಮ ಸೂರ್ಯ ಸಿಕ್ಕಂತೆ. ಇಡೀ ಸೌರಮಂಡಲದ ದ್ರವ್ಯರಾಶಿಯಲ್ಲಿ ಶೇ. 99.8ಕ್ಕೂ ಹೆಚ್ಚು ಪಾಲು ಈ ಒಂದು ಹಣ್ಣಿನದೇ.

ಅಲ್ಲಿಂದ ಟೇಪು ಹಿಡಿದು ಹೊರಡಿ. ಹೆಜ್ಜೆ ಲೆಕ್ಕ ಬೇಡ, ಒಬ್ಬೊಬ್ಬರ ಹೆಜ್ಜೆ ಒಂದೊಂದು ಅಳತೆ. 5.8 ಮೀಟರಿಗೆ ಬುಧ, ಚಿರೋಟಿ ರವೆಯ ಒಂದು ಕಣ. 10.8 ಮೀಟರಿಗೆ ಶುಕ್ರ, 15 ಮೀಟರಿಗೆ ಭೂಮಿ, ಎರಡಕ್ಕೂ 1.2 ಮಿ.ಮೀ. ಆಸುಪಾಸಿನ ಸಣ್ಣ ರಾಗಿಕಾಳು. ಭೂಮಿಯಿಂದ 4 ಸೆಂ.ಮೀ. ಆಚೆ ಇನ್ನೊಂದು ರವೆ ಕಣ ಇಟ್ಟರೆ ಅದೇ ಚಂದ್ರ. ಮನುಷ್ಯ ಇದುವರೆಗೆ ಹೋಗಿಬಂದ ದೂರ ಹೆಚ್ಚುಕಡಿಮೆ ಇಷ್ಟೇ. 22.8 ಮೀಟರಿಗೆ ಮಂಗಳ, ಗಸಗಸೆಯಲ್ಲೇ ಚಿಕ್ಕದನ್ನು ಆರಿಸಿ. ಕಾಳುಗಳನ್ನು ಹಾಗೇ ಇಟ್ಟರೆ ಗಾಳಿಗೆ ಹಾರಿಹೋಗುತ್ತವೆ. ರಟ್ಟಿಗೆ ಗೋಂದಿನಿಂದ ಅಂಟಿಸಿ, ರಾಗಿಗೆ ಬಿಳಿ ರಟ್ಟು, ರವೆಗೆ ಕಪ್ಪು.

ಇಸ್ರೋದ ಆದಿತ್ಯ-ಎಲ್1 ಎಲ್ಲಿದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. 2023ರ ಸೆಪ್ಟೆಂಬರ್ 2ರಂದು ಹೊರಟು ನಾಲ್ಕು ತಿಂಗಳ ಮೇಲೆ ಅದು ಸೇರಿದ ಜಾಗ ನಮ್ಮಿಂದ 15 ಲಕ್ಷ ಕಿ.ಮೀ. ಅಂದರೆ ರಾಗಿಕಾಳಿನಿಂದ ಚಕ್ಕೋತದ ಕಡೆಗೆ ಒಂದು ಗೇಣಿಗೂ ಕಡಿಮೆ, 15 ಸೆಂ.ಮೀ. ಉಳಿದ ಹದಿನಾಲ್ಕು ಚಿಲ್ಲರೆ ಮೀಟರ್ ಹಾಗೇ ಇದೆ.

ಮಂಗಳ ದಾಟಿದ ಮೇಲೆ ನಡಿಗೆ ಉದ್ದವಾಗುತ್ತದೆ. ಗುರು 78 ಮೀಟರಿಗೆ, 14 ಮಿ.ಮೀ. ಆಟದ ಗೋಲಿ ತುಸು ದೊಡ್ಡದಾಗುತ್ತದೆ, ಜೇಡಿಮಣ್ಣಿನ ಉಂಡೆ ಮೇಲು. ಒಣಗಿದಾಗ ಮಣ್ಣು ಕುಗ್ಗುವುದರಿಂದ 15 ಮಿ.ಮೀ. ಕಟ್ಟಿ. ಶನಿ 143 ಮೀಟರಿಗೆ, 12 ಮಿ.ಮೀ. ಅದರ ಬಳೆಗೆ ಒಳಗಿನ ವ್ಯಾಸ 15, ಹೊರಗಿನದು 27 ಮಿ.ಮೀ. ಇರುವಂತೆ ಕಾಗದ ಕತ್ತರಿಸಿ, ಉಂಡೆಗೆ ತಾಗದಂತೆ ಗುಂಡುಸೂಜಿಯಿಂದ ನಿಲ್ಲಿಸಿ. ನಿಜವಾದ ಬಳೆಗಳ ದಪ್ಪ ಬಹುತೇಕ ಕಡೆ ಹತ್ತಾರು ಮೀಟರ್ ಅಷ್ಟೇ. ನಮ್ಮ ಲೆಕ್ಕದಲ್ಲಿ 0.1 ಮಿ.ಮೀ.ನ ತೆಳು ಕಾಗದವೇ 1,000 ಕಿ.ಮೀ. ದಪ್ಪವಾಯಿತು! ಯುರೇನಸ್ 287 ಮೀಟರಿಗೆ, ನೆಪ್ಚೂನ್ 450 ಮೀಟರಿಗೆ, ಎರಡೂ ಕಾಳುಮೆಣಸು.

ಎಡವುವುದು ಹೆಚ್ಚಾಗಿ ಒಂದೇ ಕಡೆ. ರಾಗಿ ಕಾಣುವುದಿಲ್ಲವೆಂದು ಭೂಮಿಗೆ ಗೋಲಿ ಇಟ್ಟು, ಉಳಿದದ್ದನ್ನು ಹಾಗೇ ಬಿಡುತ್ತಾರೆ. 16 ಮಿ.ಮೀ. ಗೋಲಿ ಭೂಮಿಯಾದರೆ ಸೂರ್ಯ ಒಂದೂಮುಕ್ಕಾಲು ಮೀಟರ್ ಆಗಬೇಕು, ನೆಪ್ಚೂನ್ ಐದೂವರೆ ಕಿ.ಮೀ. ದಾಟಿ ಕೂರಬೇಕು.

ಬೆಳಕಿನ ವೇಗವನ್ನೂ ಇಲ್ಲೇ ತೋರಿಸಬಹುದು. ಈ ಮಾದರಿಯಲ್ಲಿ ಅದು ಸೆಕೆಂಡಿಗೆ 3 ಸೆಂ.ಮೀ. ಒಂದು ಮಗುವಿಗೆ ಗಡಿಯಾರ ಕೊಟ್ಟು, 20 ಸೆಕೆಂಡಿಗೊಮ್ಮೆ 60 ಸೆಂ.ಮೀ.ನ ಒಂದು ಹೆಜ್ಜೆ ಇಡಲು ಹೇಳಿ. ಇಪ್ಪತ್ತೈದು ಹೆಜ್ಜೆಗೆ, 8 ನಿಮಿಷ 20 ಸೆಕೆಂಡಿಗೆ, ರಾಗಿಕಾಳು ಸಿಗುತ್ತದೆ. ನೆಪ್ಚೂನ್ ತಲುಪಲು ಅದೇ ನಡಿಗೆಯಲ್ಲಿ ನಾಲ್ಕು ಗಂಟೆ ಮೀರುತ್ತದೆ.

ಸೂರ್ಯನ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಈ ಅಳತೆಯಲ್ಲಿ 4,000 ಕಿ.ಮೀ. ದೂರ. ಚಕ್ಕೋತ ಬೆಂಗಳೂರಿನಲ್ಲಿದ್ದರೆ, 2 ಸೆಂ.ಮೀ.ನ ಆ ನಕ್ಷತ್ರವನ್ನು ಹಾಂಗ್‌ಕಾಂಗ್‌ನಲ್ಲಿ ಇಡಬೇಕು.